ಎದೆಯ ತಾಳ ತಪ್ಪಿದಾಗ



ನಮ್ಮ ಸಂಘದ ಪತ್ರಿಕೆಯಲ್ಲಿ ಸಿಲಿಂಡರಿನ ದರ, ಲೈಸೆನ್ಸ್ ನವೀಕರಣ, ಕೆಲಸದವರ ಕೊರತೆ ಇವುಗಳ ಬಗ್ಗೆ ಎಷ್ಟೋ ಓದಿದ್ದೇವೆ. ಈ ಸಲ ಆರೋಗ್ಯದ ಬಗ್ಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಫೋನ್ ಮಾಡಿದಾಗ ನಮಗೆ ನಗು ಬಂತು. ಹಗಲು ಟೇಬಲ್ ಒರೆಸಿ, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಪಾಸು ಮಾಡಿದವರು ನಾವು. ಡಾಕ್ಟರರ ವಿಷಯ ನಾವೇನು ಬರೆಯುವುದು? ಆದರೆ ಒಂದು ಕಾಯಿಲೆಯನ್ನು ಜೊತೆಯಲ್ಲಿಟ್ಟುಕೊಂಡು ಐದು ವರ್ಷದಿಂದ ಗಲ್ಲಾದಲ್ಲಿ ಕುಳಿತಿದ್ದೇವೆ. ಅದನ್ನು ಎರಡು ತಿಂಗಳು ಗ್ಯಾಸ್ ಎಂದು ತಿಳಿದುಕೊಂಡಿದ್ದೆವು. ಆಮೇಲೆ ಹೆಸರು ಗೊತ್ತಾದ ಮೇಲೂ ಒಮ್ಮೆ ಅಸಡ್ಡೆ ಮಾಡಿ ಪೆಟ್ಟು ತಿಂದೆವು. ಅಷ್ಟನ್ನು ಬರೆಯಬಹುದು ಅನಿಸಿತು.

ಕಾಯಿಲೆಯ ಹೆಸರು ಏಟ್ರಿಯಲ್ ಫಿಬ್ರಿಲೇಶನ್. ಡಾಕ್ಟರರು ಚಿಕ್ಕದಾಗಿ ಎ.ಎಫ್. ಎನ್ನುತ್ತಾರೆ.

ಲಾಕ್‌ಡೌನಿನ ನಂತರದ ದಿನಗಳು ನಿಮಗೆಲ್ಲ ನೆನಪಿರಬೇಕು. 2020ರ ಅಕ್ಟೋಬರ್ 5ರಿಂದ ಮಹಾರಾಷ್ಟ್ರದಲ್ಲಿ ಅರ್ಧ ಟೇಬಲ್ ಹಾಕಿ ಹೋಟೆಲ್ ತೆರೆಯಲು ಅನುಮತಿ ಸಿಕ್ಕಿತು. ನಮ್ಮಲ್ಲಿ 22 ಜನ ಕೆಲಸಗಾರರಲ್ಲಿ 14 ಜನ ಊರಿಗೆ ಹೋದವರು ಬಂದಿರಲಿಲ್ಲ. ಬಾಡಿಗೆ ಬಾಕಿ, ಕರೆಂಟು ಬಿಲ್ಲು ಬಾಕಿ, ಬ್ಯಾಂಕಿನ ಕಂತು ಬೇರೆ. ಬೆಳಿಗ್ಗೆ ಐದಕ್ಕೆ ನಾವೇ ಇಡ್ಲಿ ಹಿಟ್ಟು ನೋಡಿ, ಹನ್ನೊಂದಕ್ಕೆ ದೋಸೆ ಕಾವಲಿಯ ಮುಂದೆ ನಿಂತು, ರಾತ್ರಿ ಹನ್ನೆರಡಕ್ಕೆ ಹಿಸಾಬು ಮುಗಿಸಿ ಊಟ ಮಾಡುತ್ತಿದ್ದೆವು. ಬಿ.ಪಿ. ಮೊದಲೇ ಇತ್ತು, 2018ರಿಂದ ಸಕ್ಕರೆ ಕಾಯಿಲೆ. ತೂಕ 91 ಕಿಲೋ.

ನವೆಂಬರಿನಲ್ಲಿ ಒಂದು ರಾತ್ರಿ ನೋಟು ಎಣಿಸುತ್ತಿದ್ದಾಗ ಎದೆಯೊಳಗೆ ಗುಬ್ಬಿ ಸಿಕ್ಕಿಬಿದ್ದು ರೆಕ್ಕೆ ಬಡಿದ ಹಾಗಾಯಿತು. ನೋವಿಲ್ಲ. ಸ್ವಲ್ಪ ಸುಸ್ತು, ಮೆಟ್ಟಿಲು ಹತ್ತುವಾಗ ಏದುಸಿರು. ನಮ್ಮ ಧಂದೆಯಲ್ಲಿ ಎದೆಯ ಹತ್ತಿರ ಏನಾದರೂ ಅದು ಗ್ಯಾಸೇ ತಾನೇ? ಉಪ್ಪು ಹಾಕಿ ಲಿಂಬೆ ಸೋಡಾ ಕುಡಿದೆವು. ಕಡಿಮೆಯಾಯಿತು ಅನಿಸಿತು. ಮತ್ತೆ ನಾಲ್ಕು ದಿನಕ್ಕೆ ಬಂತು. ಮೆಡಿಕಲ್‌ನಿಂದ ಆಸಿಡಿಟಿ ಮಾತ್ರೆ ತಂದು ನುಂಗಿದೆವು. ಈ ಕಾಯಿಲೆ ಶುರುವಿನಲ್ಲಿ ತಾನೇ ಬರುತ್ತದೆ, ತಾನೇ ಹೋಗುತ್ತದೆ. ಹೋದಾಗಲೆಲ್ಲ ಸೋಡಾಕ್ಕೆ ಒಳ್ಳೆಯ ಹೆಸರು ಬಂತು!

2021ರ ಜನವರಿಯಲ್ಲಿ ಸಕ್ಕರೆಯ ಮಾತ್ರೆ ಬರೆಸಲು ನಮ್ಮ ಫ್ಯಾಮಿಲಿ ಡಾಕ್ಟರರ ಬಳಿ ಹೋದೆವು. ಅವರು ಹಳೆಯ ಕಾಲದವರು, ಮಾತಾಡುತ್ತಲೇ ಕೈನಾಡಿ ಹಿಡಿಯುವ ಅಭ್ಯಾಸ. ಆ ದಿನ ಮಾತು ನಿಲ್ಲಿಸಿ ಗೋಡೆಯ ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಹಿಡಿದರು. ನಂತರ ಇ.ಸಿ.ಜಿ. ತೆಗೆಸಿದರು. ನಿಮಿಷಕ್ಕೆ 138 ಬಡಿತ, ಅದೂ ಒಂದಕ್ಕೊಂದು ಸಂಬಂಧವಿಲ್ಲದ ಬಡಿತ.

ನಮಗೆ ಅರ್ಥವಾದದ್ದು ಹೀಗೆ. ಹೃದಯಕ್ಕೆ ನಾಲ್ಕು ಕೋಣೆ, ಮೇಲೆ ಎರಡು, ಕೆಳಗೆ ಎರಡು. ಮೇಲಿನ ಒಂದು ಜಾಗದಿಂದ ಹೊರಡುವ ವಿದ್ಯುತ್ತು ಎಲ್ಲ ಕೋಣೆಗಳನ್ನೂ ತಾಳಕ್ಕೆ ಸರಿಯಾಗಿ ಕುಣಿಸುತ್ತದೆ, ಆಟದಲ್ಲಿ ಭಾಗವತರ ಜಾಗಟೆಗೆ ಚೆಂಡೆ, ಮದ್ದಳೆ ಅನುಸರಿಸುವ ಹಾಗೆ. ಎ.ಎಫ್. ಬಂದಾಗ ಭಾಗವತರ ಮಾತನ್ನು ಯಾರೂ ಕೇಳುವುದಿಲ್ಲ. ಮೇಲಿನ ಕೋಣೆಯ ಮೂಲೆಮೂಲೆಯಲ್ಲೂ ಒಬ್ಬೊಬ್ಬ ಚೆಂಡೆ ಬಾರಿಸುತ್ತಾನೆ, ನಿಮಿಷಕ್ಕೆ 300ಕ್ಕೂ ಹೆಚ್ಚು. ಕೋಣೆ ಹಿಂಡುವುದನ್ನು ಬಿಟ್ಟು ಬರಿದೇ ನಡುಗುತ್ತದೆ. ಆ ಗಲಾಟೆಯಲ್ಲಿ ಕೆಲವು ಪೆಟ್ಟುಗಳು ಮಾತ್ರ ಕೆಳಗಿನ ಕೋಣೆಗೆ ಇಳಿಯುತ್ತವೆ, ಯಾವಾಗ ಇಳಿಯುತ್ತವೆ ಎಂದು ಹೇಳುವಂತಿಲ್ಲ.

ನಡುಗಿದರೆ ನಡುಗಲಿ, ಸಾಯುವುದಿಲ್ಲವಲ್ಲ ಎಂದು ನಾವು ಕೇಳಿದೆವು. ಆಗ ಡಾಕ್ಟರರು ಹಾಲಿನ ಉದಾಹರಣೆ ಕೊಟ್ಟರು. ಕಾಸಿದ ಹಾಲನ್ನು ಕದಡದೆ ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಎಡಗಡೆ ಮೇಲಿನ ಕೋಣೆಗೆ ಒಂದು ಚಿಕ್ಕ ಚೀಲದಂಥ ಭಾಗ ಇದೆ. ಕೋಣೆ ಸರಿಯಾಗಿ ಹಿಂಡದಿದ್ದರೆ ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಿತ್ತು ಹೊರಟರೆ ನೇರ ಮೆದುಳಿಗೆ. ಅದೇ ಲಕ್ವಾ. ಎ.ಎಫ್. ಇದ್ದವರಿಗೆ ಲಕ್ವಾದ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು. ಎದೆ ಬಡಿದುಕೊಳ್ಳುವುದು ಕಾಯಿಲೆಯ ಸದ್ದು ಮಾತ್ರ, ಅಪಾಯ ಇರುವುದು ಈ ಹೆಪ್ಪಿನಲ್ಲಿ.

ಯಾರಿಗೆ ರಕ್ತ ತೆಳು ಮಾಡುವ ಮಾತ್ರೆ ಬೇಕು ಎಂದು ನೋಡಲು ಡಾಕ್ಟರರಿಗೆ ಒಂದು ಲೆಕ್ಕವಿದೆ. ಬಿ.ಪಿ.ಗೆ 1, ಸಕ್ಕರೆಗೆ 1, ಹೃದಯ ದುರ್ಬಲವಾಗಿದ್ದರೆ 1, ವಯಸ್ಸು 65 ದಾಟಿದರೆ 1, 75 ದಾಟಿದರೆ 2, ಮೊದಲೇ ಲಕ್ವಾ ಆಗಿದ್ದರೆ 2, ಹೀಗೆ. ನಮಗೆ ಆಗ 2 ಬಂತು. ಈ ಲೆಕ್ಕ ಗಮನಿಸಿ. ಬಿ.ಪಿ., ಸಕ್ಕರೆ ಎರಡೂ ನಮ್ಮ ಧಂದೆಯವರ ಮನೆಮನೆಯಲ್ಲಿ ಇವೆ.

ಇಲಿ ಪಾಷಾಣದ ಕತೆ

ಆ ವರ್ಷ ಕೈಯಲ್ಲಿ ಕಾಸಿರಲಿಲ್ಲ. ಹೊಸ ಮಾತ್ರೆ ದುಬಾರಿ ಎಂದು ಹಳೆಯದಾದ ವಾರ್ಫರಿನ್ ಶುರು ಮಾಡಿದೆವು. ಇದರ ಕತೆ ಕೇಳಿದರೆ ಹೋಟೆಲಿನವರಿಗೆ ಸ್ವಾರಸ್ಯ ಅನಿಸೀತು. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಬೂಷ್ಟು ಹಿಡಿದ ಒಂದು ಜಾತಿಯ ಹುಲ್ಲು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಕಾರಣ ಹುಡುಕಿದರು. ಅದರಿಂದ ಹುಟ್ಟಿದ್ದೇ ವಾರ್ಫರಿನ್. 1948ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ! 1950ರ ದಶಕದಲ್ಲಿ ಮನುಷ್ಯರಿಗೆ ಔಷಧಿಯಾಯಿತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ 1955ರಲ್ಲಿ ಹೃದಯಾಘಾತವಾದಾಗ ಇದನ್ನೇ ಕೊಟ್ಟಿದ್ದರು. ನಮ್ಮ ಗೋಡೌನಿನಲ್ಲಿ ಇಲಿಗೆ ಇಡುವ ಮದ್ದಿನ ಜಾತಿಯದನ್ನೇ ದಿನಾ ರಾತ್ರಿ ನೀರಿನೊಂದಿಗೆ ನುಂಗುತ್ತಿದ್ದೆವು ಎಂದರೆ ಮನೆಯವರು ಇಂದಿಗೂ ನಂಬುವುದಿಲ್ಲ.

ಇದರ ಕಷ್ಟ ಊಟದಲ್ಲಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ವಿರುದ್ಧ. ನಾವು ಕುಂದಾಪುರ ಕಡೆಯವರು, ಬಸಳೆ, ಹರಿವೆ, ನುಗ್ಗೆಸೊಪ್ಪು ಬಿಟ್ಟು ಊಟ ಹೇಗೆ? ಒಂದು ವಾರ ಬಸಳೆ ಹುಳಿ ಮೂರು ದಿನ, ಮುಂದಿನ ವಾರ ಹೆದರಿ ಪೂರ್ತಿ ಬಂದ್. ಐ.ಎನ್.ಆರ್. ಎಂಬ ರಕ್ತ ಪರೀಕ್ಷೆ 2ರಿಂದ 3ರ ನಡುವೆ ಇರಬೇಕು, ನಮ್ಮದು ಒಮ್ಮೆ 1.4, ಇನ್ನೊಮ್ಮೆ 3.8. ಡಾಕ್ಟರರು ಬೈದರು. ಸೊಪ್ಪು ಬಿಡಿ ಎಂದು ಯಾರು ಹೇಳಿದ್ದು, ಪ್ರತಿ ವಾರ ಒಂದೇ ಅಳತೆಯಲ್ಲಿ ತಿನ್ನಿ ಎಂದರು. ಸಾಂಬಾರಿಗೆ ಬೇಳೆ ಅಳೆದು ಹಾಕುವವರಿಗೆ ತಮ್ಮ ತಟ್ಟೆಗೆ ಸೊಪ್ಪು ಅಳೆದು ಹಾಕಿಕೊಳ್ಳಲು ಬರಲಿಲ್ಲ.

ಇನ್ನೊಂದು ತೊಡಕು ಸಕ್ಕರೆಯದ್ದು. ಬಡಿತ ತಗ್ಗಿಸಲು ಮೆಟೊಪ್ರೊಲಾಲ್ ಮಾತ್ರೆ ಕೊಟ್ಟಿದ್ದರು. ಒಂದು ಮಧ್ಯಾಹ್ನ ಊಟದ ರಶ್ಶಿನಲ್ಲಿ ನಾವು ಊಟ ಮಾಡದೆ ಮೂರೂವರೆ ಆಯಿತು. ಮೊದಲೆಲ್ಲ ಸಕ್ಕರೆ ಇಳಿದರೆ ಕೈ ನಡುಗಿ, ಎದೆ ಹೊಡೆದುಕೊಂಡು ಗೊತ್ತಾಗುತ್ತಿತ್ತು. ಈ ಮಾತ್ರೆ ಆ ಎರಡು ಸೂಚನೆಗಳನ್ನೂ ಮುಚ್ಚಿಬಿಡುತ್ತದೆ. ಮುಚ್ಚದೆ ಉಳಿಯುವುದು ಬೆವರು ಒಂದೇ. ಅಂದು ಡಬ್ಬಿ ತಂದಿದ್ದ ಮನೆಯವರು "ಕಾಣಿ, ಎ.ಸಿ. ಕೆಳಗೆ ಕೂಕಂಡ್ ನಿಮ್ಗೆ ಇಷ್ಟ್ ಬೆವರ್ ಬಪ್ಪುದ್ ಎಂತಕೆ?" ಎಂದು ಕೇಳದಿದ್ದರೆ ನಾವು ಕ್ಯಾಶ್ ಮೇಲೆಯೇ ಬೀಳುತ್ತಿದ್ದೆವು. ಮೀಟರಿನಲ್ಲಿ ನೋಡಿದರೆ 54. ಆವತ್ತಿನಿಂದ ಮಧ್ಯಾಹ್ನ ಒಂದು ಗಂಟೆಗೆ ಗಿರಾಕಿ ಎಷ್ಟೇ ಇರಲಿ ನಮ್ಮ ಊಟ ಆಗಿರಬೇಕು.

ಊರಿನ ಜಗಲಿಯಲ್ಲಿ ನಡೆದದ್ದು

ಈಗ ಬರೆಯಲು ಕಷ್ಟವಾದ ಭಾಗ.

ಊರಿನಲ್ಲಿ ಅಮ್ಮ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳುತ್ತಿದ್ದವನು ತಮ್ಮ. ಅವನು ಒಂಬತ್ತು ವರ್ಷ ನಮ್ಮ ಹೋಟೆಲಿನಲ್ಲೇ ದುಡಿದು, ಅಪ್ಪ ತೀರಿದ ಮೇಲೆ ಊರಿಗೆ ಹೋದವನು. 1998ರಲ್ಲಿ ಹೋಟೆಲ್ ಕೊಳ್ಳುವಾಗ ಊರಿನ ತೋಟದ ಹಣವೂ ಸೇರಿತ್ತು. ಆದ್ದರಿಂದ ಹೋಟೆಲಿನಲ್ಲಿ ಪಾಲು ಬೇಕು ಎಂದು ಅವನು, ಸಾಲ ತೀರಿಸಿದ್ದು ನಾವು ಎಂದು ನಾವು. ಅವನ ಮಾತಿನಲ್ಲಿ ನ್ಯಾಯ ಇಲ್ಲ ಎಂದು ಹೇಳುವಂತಿಲ್ಲ, ನಮ್ಮ ಮಾತಿನಲ್ಲೂ ಇದೆ. ಅತ್ತ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಹೋಟೆಲ್ ತನಗೆ ಬೇಡ ಎಂದಿದ್ದ. ರಾತ್ರಿ ಎರಡಾದರೂ ನಿದ್ದೆ ಬರುತ್ತಿರಲಿಲ್ಲ. ನಿದ್ದೆ ಕೆಟ್ಟ ಮರುದಿನ ಎದೆಯ ಗುಬ್ಬಿ ತಪ್ಪದೆ ಬರುತ್ತಿತ್ತು. ಚಿಂತೆಯಿಂದ ಕಾಯಿಲೆಯೋ, ಕಾಯಿಲೆಯಿಂದ ಚಿಂತೆಯೋ, ಯಾವುದು ಮೊದಲು ಎಂದು ಡಾಕ್ಟರರಿಗೂ ಹೇಳಲು ಬರಲಿಲ್ಲ.

2022ರ ಜುಲೈಯಲ್ಲಿ ಅಮ್ಮ ತೀರಿಕೊಂಡ ಫೋನ್ ಬಂತು. ಸಿಕ್ಕಿದ ಬಟ್ಟೆ ತುಂಬಿಕೊಂಡು ಮತ್ಸ್ಯಗಂಧ ರೈಲು ಹತ್ತಿದೆವು. ಮಾತ್ರೆಯ ಡಬ್ಬಿ ಮುಂಬಯಿಯ ಮನೆಯ ಫ್ರಿಜ್ಜಿನ ಮೇಲೆಯೇ ಉಳಿಯಿತು. ಕುಂದಾಪುರದಲ್ಲಿ ಮೆಡಿಕಲ್ ಇಲ್ಲವೇ? ಬೇಕಾದಷ್ಟು ಇವೆ. ಆದರೆ ಸಾವಿನ ಮನೆಯಲ್ಲಿ ನಮ್ಮ ಮಾತ್ರೆ ಎಂದು ಹೊರಡುವುದು ಹೇಗೆ, ನಾಲ್ಕು ದಿನ ಬಿಟ್ಟರೆ ಏನಾದೀತು ಎಂದುಕೊಂಡೆವು. ನಾಲ್ಕು ದಿನ ಎಂಟಾಯಿತು. ವಾರ್ಫರಿನ್ ನಿಲ್ಲಿಸಿದರೆ ಐದಾರು ದಿನದಲ್ಲಿ ಅದರ ಗುಣ ಪೂರ್ತಿ ಇಳಿದಿರುತ್ತದೆ ಎಂದು ತಿಳಿದದ್ದು ಆಮೇಲೆ.

ಒಂಬತ್ತನೇ ದಿನ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಉತ್ತರಕ್ರಿಯೆಯ ಖರ್ಚಿನ ಮಾತು. ಮಾತು ಖರ್ಚಿನಿಂದ ಪಾಲಿಗೆ ಹೋಯಿತು, ದನಿ ಏರಿತು. ನಮ್ಮ ಬಲಗೈಯಲ್ಲಿದ್ದ ಕಾಫಿ ಲೋಟ ಜಾರಿ ಬಿತ್ತು. ಸಿಟ್ಟಿನಿಂದ ಎಸೆದೆವು ಎಂದೇ ಎಲ್ಲರೂ ತಿಳಿದರಂತೆ. ಬಗ್ಗಿ ಎತ್ತಲು ಹೋದರೆ ಕೈ ಹೇಳಿದಂತೆ ಕೇಳಲಿಲ್ಲ. ಏನೋ ಹೇಳಲು ಹೋದೆವು, ಮಾತು ತಲೆಯಲ್ಲಿದೆ, ನಾಲಿಗೆಗೆ ಬರುತ್ತಿಲ್ಲ. ತಮ್ಮ ಒಮ್ಮೆಲೇ ಎದ್ದು "ಅಣ್ಣಯ್ಯಾ, ಎಂತ ಆಯ್ತ್? ಬಾಯಿ ಓರೆ ಆಯ್ತಲಾ!" ಎಂದು ಕೂಗಿದ. ನಮ್ಮನ್ನು ಅನಾಮತ್ತಾಗಿ ಎತ್ತಿ ಕಾರಿಗೆ ಹಾಕಿದವನೂ ಅವನೇ. ಒಬ್ಬರು ಎಣ್ಣೆ ತಿಕ್ಕಿಸೋಣ, ಮದ್ದಿನವರ ಹತ್ತಿರ ಹೋಗೋಣ ಎಂದರಂತೆ. ಅವನು ಕೇಳಲಿಲ್ಲ.

ಕಾರು ಅರ್ಧ ದಾರಿ ಹೋಗುವುದರೊಳಗೆ, ಸುಮಾರು 20 ನಿಮಿಷದಲ್ಲಿ, ಕೈ ಸರಿಯಾಯಿತು, ಮಾತು ಬಂತು. ನಾವು ಮಾಡಿದ ಮೊದಲ ಕೆಲಸ ಎಂದರೆ ಗುಣವಾಯಿತು, ಕಾರು ತಿರುಗಿಸು ಎಂದದ್ದು. ಅವನು ಗಾಡಿ ನಿಲ್ಲಿಸಲೇ ಇಲ್ಲ. ಉಡುಪಿ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ತಾನೇ ಸರಿಹೋದ ಇಂಥ ಚಿಕ್ಕ ಲಕ್ವಾದ ನಂತರದ ಎರಡು ದಿನಗಳೇ ದೊಡ್ಡದು ಬರುವ ಭಯ ಹೆಚ್ಚಿರುವ ಸಮಯವಂತೆ. ದೊಡ್ಡದೇ ಆಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಎಣ್ಣೆ ತಿಕ್ಕುತ್ತ ಕುಳಿತಿದ್ದರೆ ಆ ಸಮಯ ಅಲ್ಲೇ ಕಳೆಯುತ್ತಿತ್ತು. ಬಾಯಿ ಓರೆ, ಒಂದು ಕೈ ಇಳಿಯುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿ ಹೊರಡಿ. ನಮ್ಮ ಲೆಕ್ಕ ಅಂದಿಗೆ 2ರಿಂದ 4ಕ್ಕೆ ಏರಿತು.

ಮೂರನೇ ದಿನ ಬಿಡುಗಡೆ ಮಾಡಿದರು. ಅಮ್ಮನ ಉತ್ತರಕ್ರಿಯೆಗೆ ಕುರ್ಚಿಯಲ್ಲಿ ಕುಳಿತು ಕೈಮುಗಿದೆವು.

ಆ ಆಸ್ಪತ್ರೆಯಲ್ಲೇ ಮಾತ್ರೆ ಬದಲಾಯಿಸಿ ಅಪಿಕ್ಸಬಾನ್ ಕೊಟ್ಟರು. ಇದಕ್ಕೆ ತಿಂಗಳು ತಿಂಗಳು ಐ.ಎನ್.ಆರ್. ಬೇಡ, ಬಸಳೆಯ ಲೆಕ್ಕವೂ ಬೇಡ. ಈಗ ಅನೇಕ ಕಂಪನಿಗಳು ತಯಾರಿಸುವುದರಿಂದ ಬೆಲೆಯೂ ಇಳಿದಿದೆ. ಆದರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ತಪ್ಪುವ ಹಾಗಿಲ್ಲ. ಬಿಟ್ಟರೆ ಒಂದೆರಡು ದಿನದಲ್ಲೇ ರಕ್ಷಣೆ ಹೋಗುತ್ತದೆ, ವಾರ್ಫರಿನ್‌ನಷ್ಟೂ ಕಾಯುವುದಿಲ್ಲ. ಎಲ್ಲರಿಗೂ ಇದೇ ಎಂದಲ್ಲ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕಿರಿದಾದವರಿಗೆ, ಲೋಹದ ಕವಾಟ ಹಾಕಿಸಿಕೊಂಡವರಿಗೆ ಹಳೆಯ ವಾರ್ಫರಿನ್ನೇ ಸರಿ. ಆದ್ದರಿಂದ ನಮ್ಮ ಚೀಟಿ ನೋಡಿ ನೀವು ಮಾತ್ರೆ ತರಿಸಬೇಡಿ.

ಪಾಲಿನ ವಿಷಯ ಇನ್ನೂ ಮುಗಿದಿಲ್ಲ. ಅವನ ವಕೀಲರ ನೋಟಿಸು ಕಪಾಟಿನಲ್ಲಿದೆ, ನಮ್ಮ ಉತ್ತರವೂ ಹೋಗಿದೆ. ಆದರೆ ಪ್ರತಿ ರಾತ್ರಿ ಒಂಬತ್ತಕ್ಕೆ ಊರಿನಿಂದ ಒಂದು ಮಿಸ್ಡ್ ಕಾಲ್ ಬರುತ್ತದೆ. ಮಾತ್ರೆ ನುಂಗಿ ನಾವೂ ಒಂದು ಮಿಸ್ಡ್ ಕಾಲ್ ಕೊಡುತ್ತೇವೆ. ಮಾತಿಲ್ಲ.

ನಮ್ಮವರು ಕೇಳುವ ಪ್ರಶ್ನೆಗಳು

ಕಾಫಿ ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಫಿಲ್ಟರ್ ಕಾಫಿ ಮಾರಿ ಬದುಕುವವರಿಗೆ ಇದು ಚಿಕ್ಕ ಪ್ರಶ್ನೆಯಲ್ಲ. ಹಿಂದೆ ಬಿಡಿ ಎನ್ನುತ್ತಿದ್ದರು. 2025ರಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದ ಡಾಕ್ಟರರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಶಾಕ್ ಕೊಟ್ಟು ಬಡಿತ ಸರಿಪಡಿಸಿದ 200 ಜನರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದು ಕಪ್ಪಾದರೂ ಕಾಫಿ, ಉಳಿದವರಿಗೆ ಕಾಫಿ ಬಂದ್. ಆರು ತಿಂಗಳಲ್ಲಿ ಕಾಫಿ ಬಿಟ್ಟವರಲ್ಲಿ 100ಕ್ಕೆ 64 ಜನರಿಗೆ ತೊಂದರೆ ಮರಳಿತು, ಕುಡಿದವರಲ್ಲಿ 47 ಜನರಿಗೆ. ನಾವು ಬೆಳಿಗ್ಗೆ ಒಂದು, ಸಂಜೆ ಒಂದು ಕುಡಿಯುತ್ತೇವೆ, ಸಕ್ಕರೆ ಇಲ್ಲದೆ.

ಮದ್ಯದ ವಿಷಯದಲ್ಲಿ ಹೀಗೆ ಸಮಾಧಾನ ಇಲ್ಲ. ನಮ್ಮಲ್ಲಿ ಅನೇಕರದು ಬಾರ್ ಆಂಡ್ ರೆಸ್ಟೋರೆಂಟ್, ರಾತ್ರಿ ಶಟರ್ ಎಳೆದ ಮೇಲೆ ಎರಡು ಪೆಗ್ ರೂಢಿ. ಆಸ್ಟ್ರೇಲಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕುಡಿತ ಬಿಟ್ಟವರಿಗೆ ಎ.ಎಫ್. ಮರಳುವುದು ಕಡಿಮೆಯಾಯಿತು. ಅಲ್ಲಿಯದೇ ಅಡಿಲೇಡ್ ನಗರದ ಡಾಕ್ಟರರು 2015ರಲ್ಲಿ ತೋರಿಸಿದ್ದು, ದಪ್ಪ ಇದ್ದವರು ತೂಕದ ಹತ್ತನೇ ಒಂದು ಭಾಗ ಇಳಿಸಿ ಹಾಗೆಯೇ ಇಟ್ಟುಕೊಂಡರೆ ಬಡಿತ ತಾಳಕ್ಕೆ ಬರುವ ಸಾಧ್ಯತೆ ಬಹಳ ಹೆಚ್ಚು. ನಾವು 91ರಿಂದ 83ಕ್ಕೆ ಬಂದಿದ್ದೇವೆ. ರಾತ್ರಿ ಊಟ ಎಂಟೂವರೆಗೆ ಎಂದು ಮಾಡಿಕೊಂಡದ್ದೇ ಹೆಚ್ಚು ಉಪಯೋಗವಾಯಿತು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರು ಅದನ್ನೂ ತೋರಿಸಬೇಕು, ಅದಕ್ಕೂ ಇದಕ್ಕೂ ನಂಟಿದೆ. ಥೈರಾಯ್ಡ್ ಹೆಚ್ಚಾದರೂ ಇದು ಬರುತ್ತದೆ.

ಮೊಣಕಾಲು ನೋವು, ಸೊಂಟ ನೋವು ನಮ್ಮ ಧಂದೆಯ ಆಸ್ತಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೆಡಿಕಲ್‌ನಿಂದ ನೋವಿನ ಮಾತ್ರೆ ತಾವೇ ತಂದು ನುಂಗಬಾರದು. ಬ್ರೂಫೆನ್, ಡೈಕ್ಲೋಫೆನಾಕ್ ಇಂಥವು ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ. ಮಲ ಕಪ್ಪಾದರೆ ತಡ ಮಾಡಬೇಡಿ. ಹಲ್ಲು ಕೀಳಿಸಬೇಕಾದರೂ ಮಾತ್ರೆಯನ್ನು ನೀವಾಗಿ ನಿಲ್ಲಿಸದೆ, ಬರೆದುಕೊಟ್ಟ ಡಾಕ್ಟರರನ್ನು ಕೇಳಿ. ನಾವು ಅಡುಗೆ ಮನೆಯಲ್ಲಿ ಕತ್ತಿ ಹಿಡಿಯುವುದನ್ನು ಬಿಟ್ಟಿದ್ದೇವೆ, ಭಟ್ಟರಿಗೆ ಅದರಿಂದ ಸಂತೋಷವೇ ಆಗಿದೆ.

ಮಗ ಬಡಿತ ತೋರಿಸುವ ಕೈಗಡಿಯಾರ ಕಳುಹಿಸಿದ. ದಿನಕ್ಕೆ ಮೂವತ್ತು ಸಲ ನೋಡತೊಡಗಿದೆವು, ನೋಡಿದಷ್ಟೂ ಎದೆ ಜೋರು. ಮನೆಯವರು ಅದನ್ನು ಗೋದ್ರೇಜ್ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ವಾರಕ್ಕೊಮ್ಮೆ ಹೊರಗೆ ಬರುತ್ತದೆ. ತೊಡೆಯಿಂದ ತಂತಿ ಹಾಕಿ ಹೃದಯದೊಳಗಿನ ಕೆಟ್ಟ ಜಾಗ ಸುಡುವ ಅಬ್ಲೇಶನ್ ಮಾಡಿಸಬಹುದು ಎಂದೂ ಡಾಕ್ಟರರು ಹೇಳಿದ್ದಾರೆ. ಲಕ್ಷಗಳ ಮಾತು. ಮಾಡಿಸಿದರೂ ನಮ್ಮ ಲೆಕ್ಕ 4 ಇರುವುದರಿಂದ ರಕ್ತದ ಮಾತ್ರೆ ಬಿಡುವಂತಿಲ್ಲ. ಇನ್ನೂ ತೀರ್ಮಾನ ಮಾಡಿಲ್ಲ. ಮೆಡಿಕ್ಲೇಮ್ ಮಾಡಿಸುವವರು ಸಕ್ಕರೆ, ಬಿ.ಪಿ.ಯನ್ನು ಮುಚ್ಚಿಡದೆ ಬರೆಯಿರಿ. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಮುಚ್ಚಿಟ್ಟರೆ ಕ್ಲೇಮಿನ ಹೊತ್ತಿಗೆ ಜಗಳ.

ಕೊನೆಗೆ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ನಮ್ಮ ವಾರ್ಷಿಕ ಆರೋಗ್ಯ ಶಿಬಿರದಲ್ಲಿ ಬಿ.ಪಿ., ಸಕ್ಕರೆ, ಕಣ್ಣು ನೋಡುತ್ತಾರೆ. ಇ.ಸಿ.ಜಿ. ಇಲ್ಲ. 2020ರ ಜನವರಿಯ ಶಿಬಿರದಲ್ಲಿ ನಾವೂ ಸಾಲಿನಲ್ಲಿ ನಿಂತು, ಬಿ.ಪಿ. ಚೀಟಿ ತೆಗೆದುಕೊಂಡು, ಉಪ್ಪಿಟ್ಟು ತಿಂದು ಬಂದಿದ್ದೆವು. ಈ ಸಲದ ಶಿಬಿರಕ್ಕೆ ಒಂದು ಇ.ಸಿ.ಜಿ. ಮೆಶಿನ್ ಮತ್ತು ಟೆಕ್ನಿಶಿಯನ್‌ನ ಒಂದು ದಿನದ ಖರ್ಚನ್ನು ನಾವು ಕೊಡುತ್ತೇವೆ. 50 ದಾಟಿದ ಮಾಲಕರು ಮಾತ್ರವಲ್ಲ, ಭಟ್ಟರು, ಮ್ಯಾನೇಜರುಗಳೂ ಬರಲಿ. ಅದುವರೆಗೆ ಗಲ್ಲಾದಲ್ಲಿ ಕುಳಿತಾಗ ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಎದುರಿನ ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ. ಬಡಿತದ ನಡುವಿನ ಅಂತರ ಒಂದೇ ಸಮ ಇಲ್ಲವಾದರೆ ಸೋಡಾ ಕುಡಿಯದೆ ಡಾಕ್ಟರರ ಬಳಿ ಹೋಗಿ. ಶಿಬಿರಕ್ಕೆ ಬರುವವರು ಈ ತಿಂಗಳ ಕೊನೆಯೊಳಗೆ ಕಾರ್ಯಾಲಯದಲ್ಲಿ ಹೆಸರು ಬರೆಸಿದರೆ ಎಷ್ಟು ಜನ ಎಂದು ಟೆಕ್ನಿಶಿಯನ್‌ಗೆ ಹೇಳಲು ಅನುಕೂಲ.